ಕಿಟ್ಟಣ್ಣನ ಅಳತೆ ಪದ್ಯ

"ಹಾಸ್ಯಕ್ಕೆ ಬರೀಲಾ, ಕವನಕ್ಕೆ ಬರೀಲಾ?"

ಶೇಷಮ್ಮ ಟೀಚರ್ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಮೇಜಿನ ಮೇಲಿದ್ದ ಹಾಳೆಯಲ್ಲಿ ಆಗಲೇ ನಾಲ್ಕು ಹೆಸರುಗಳಿದ್ದವು. ಐದನೆಯದು ಶ್ರೀಕೃಷ್ಣ, ಜಲಜಾಳ ಅಣ್ಣ. ಊರಿನವರಿಗೆಲ್ಲ ಅವನು ಕಿಟ್ಟ.

"ಹಾಸ್ಯ," ಎಂದಳು ಜಲಜಾ.

"ಅವನನ್ನ ಕೇಳಿದ್ಯೇನೆ?"

"ಅವನಿಗೆ ಅದೆಲ್ಲ ಗೊತ್ತಾಗಲ್ಲ ಟೀಚರ್."

ಅದು ಸುಳ್ಳು. ಹಿಂದಿನ ದಿನವೇ ಕಿಟ್ಟಣ್ಣ ಹೇಳಿದ್ದ, "ಕವನ. ನಂದು ಕವನ." ಎರಡು ಸಲ ಹೇಳಿದ್ದ.

ಆ ವರ್ಷ ಅಂಗವಿಕಲರ ವರ್ಷವಂತೆ. ಪೇಪರಿನಲ್ಲಿ ಬಂದಿತ್ತು. ಹೊಸನಗರದಲ್ಲಿ ಮನೆಯೊಳಗೇ ಕೂತಿರುವ ಕೆಲವರನ್ನು ಒಂದು ಸಂಜೆಯಾದರೂ ಸ್ಟೇಜಿಗೆ ತಂದು ಹಾಸ್ಯ, ಕವನದ ಸ್ಪರ್ಧೆ ನಡೆಸಬೇಕೆಂದು ಟೀಚರಿಗೆ ಆಸೆಯಾಗಿತ್ತು. ಊರು ಅಂಥವರನ್ನು ಅರೆಬುದ್ಧಿಯವರು ಎನ್ನುತ್ತಿತ್ತು. ಟೀಚರ್ ಮಾತ್ರ, "ಅವರ ಬುದ್ಧಿ ಬೇರೆ ದಾರೀಲಿ ಹೋಗ್ತದೆ, ಅಷ್ಟೇ" ಎನ್ನುತ್ತಿದ್ದರು.

ಕಿಟ್ಟಣ್ಣನಿಗೆ ಹದಿನೇಳು ವರ್ಷ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಅಪ್ಪ ಮಂಜಯ್ಯನ ಟೈಲರ್ ಅಂಗಡಿಯ ಹಿಂದುಗಡೆ ಕೂತು ಅವನು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆದರೆ ಅಪ್ಪ ಟೇಪು ಹಿಡಿದು ಒಮ್ಮೆ ಹೇಳಿದ ಅಳತೆಯನ್ನು ಎಂದೂ ಮರೆಯುತ್ತಿರಲಿಲ್ಲ. ಊರಿನವರ ಎದೆ, ತೋಳು, ಸೊಂಟ ಎಲ್ಲ ಅವನಿಗೆ ಬಾಯಿಪಾಠ. ಅವುಗಳನ್ನೇ ಸೇರಿಸಿ ಪದ್ಯ ಕಟ್ಟುತ್ತಿದ್ದ.

ಜನ ಅವನನ್ನು ನೋಡಿ ಹೇಗೂ ನಗುತ್ತಾರೆ. ಹಾಸ್ಯ ಎಂದು ಮೊದಲೇ ಹೇಳಿಬಿಟ್ಟರೆ ಅದು ಅವಮಾನ ಆಗುವುದಿಲ್ಲ. ಜಲಜಾ ಯೋಚಿಸಿದ್ದು ಇಷ್ಟೇ. ಐದನೇ ಕ್ಲಾಸಿನವರೆಲ್ಲ ನೋಡಲು ಬರುವವರಿದ್ದರು. ಮರುದಿನ ಅವಳು ಅವರ ಜೊತೆಯಲ್ಲೇ ಬೆಂಚಿನಲ್ಲಿ ಕೂರಬೇಕಿತ್ತು.

ಇನ್ನೂ ಒಂದು ಸಂಗತಿ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಶಿವರಾತ್ರಿ ಕಳೆದು ಎರಡು ದಿನಕ್ಕೆ ಅಮ್ಮ ತೀರಿಕೊಂಡಾಗ ಕಿಟ್ಟಣ್ಣ ಅಳಲಿಲ್ಲ. ಒಂದು ಹನಿಯೂ ಇಲ್ಲ. "ಕಲ್ಲು ಕಣೇ ಅದು," ಎಂದಿದ್ದರು ಪುಷ್ಪತ್ತೆ. ಅಂದಿನಿಂದ ಜಲಜಾ ಅವನ ಜೊತೆ ಊಟಕ್ಕೆ ಕೂತಿರಲಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಶಾಲೆಯ ಹಾಲ್ ತುಂಬಿತು. ಮೊದಲು ಸ್ಟೇಜಿಗೆ ಬಂದವನು ದುಗ್ಗಪ್ಪ. ರೇಡಿಯೋದವರ ದನಿಯಲ್ಲಿ ತನ್ನ ಮನೆಯ ವಾರ್ತೆ ಓದಿದ. "ನಮ್ಮ ಕೋಳಿ ಇಂದು ಬೆಳಿಗ್ಗೆ ಮೊಟ್ಟೆ ಇಟ್ಟಿರುವುದಾಗಿ ಕೂಗಿ ತಿಳಿಸಿದೆ. ಮೊಟ್ಟೆ ಇನ್ನೂ ಪತ್ತೆಯಾಗಿಲ್ಲ." ಹಾಲ್ ಗೊಳ್ಳೆಂದಿತು. ದುಗ್ಗಪ್ಪನೂ ನಕ್ಕ.

ಆಮೇಲೆ ರಂಗಮ್ಮ ಬಂದಳು. ಒಂದೇ ಸಾಲನ್ನು ಆರು ಸಲ ಹೇಳಿ ನಿಂತುಬಿಟ್ಟಳು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಅವಳ ತಾಯಿ ಬಂದು ಕೈ ಹಿಡಿದು ಕರೆದುಕೊಂಡು ಹೋದರು.

"ಈಗ ಹಾಸ್ಯ," ಎಂದಿತು ಮೈಕು. "ಶ್ರೀಕೃಷ್ಣ."

ಕಿಟ್ಟಣ್ಣ ಮೈಕಿನಿಂದ ಒಂದು ಮಾರು ದೂರ ನಿಂತ. ಸೂರು ನೋಡುತ್ತಾ ಶುರು ಮಾಡಿದ.

"ಮಿಲ್ಲಿನ ಭೂತಪ್ಪ, ಎದೆ ಮೂವತ್ತೆಂಟು,
ಹೊಟ್ಟೆಗೆ ಬೇಕು ಇನ್ನೂ ಆರಿಂಚು.
ಗುಂಡಿ ಹಾಕಿದ್ರೆ ಉಸಿರಿಲ್ಲ,
ಉಸಿರು ಬಿಟ್ರೆ ಗುಂಡಿಯಿಲ್ಲ."

ಮುಂದಿನ ಸಾಲಿನಲ್ಲಿದ್ದ ಭೂತಪ್ಪನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೌದೋ ಮಾರಾಯ, ನಿಜ!"

"ಹೆಡ್ ಮಾಸ್ಟ್ರ ಎಡಗೈ ಇಪ್ಪತ್ಮೂರು,
ಬಲಗೈ ಪೂರಾ ಇಪ್ಪತ್ನಾಲ್ಕು.
ಹೊಡೆದೂ ಹೊಡೆದೂ ಒಂದಿಂಚು
ಬೆಳೆದೇ ಬಿಡ್ತು ಬೆತ್ತದ ಕೈ."

ಮಕ್ಕಳು ಬೆಂಚು ಬಡಿದರು. "ನಿಮ್ಮಣ್ಣ ಸೂಪರ್ ಕಣೇ!" ಎಂದು ವಿಘ್ನೇಶ್ವರ ಹಿಂದಿನಿಂದ ಜಲಜಾಳ ಜಡೆ ಎಳೆದ. ಅವಳಿಗೂ ನಗು ತಡೆಯಲಾಗಲಿಲ್ಲ. ಸದ್ಯ, ಹಾಸ್ಯ ಅಂತ ಬರೆಸಿದ್ದು ಒಳ್ಳೆಯದಾಯಿತು.

ಕಿಟ್ಟಣ್ಣ ನಗು ನಿಲ್ಲುವವರೆಗೂ ಕಾಯಲಿಲ್ಲ. ಮೂರನೆಯದನ್ನು ಅದೇ ರಾಗದಲ್ಲಿ ಎತ್ತಿಕೊಂಡ.

"ಅಮ್ಮನ ರವಿಕೆ. ಯುಗಾದಿಗೆ ಮೂವತ್ನಾಲ್ಕು."

ನಗು.

"ಚೌತಿಗೆ ಮೂವತ್ತೆರಡು."

"ಇಳೀತು, ಇಳೀತು!" ಎಂದು ಯಾರೋ ಕೂಗಿದರು.

"ದೀಪಾವಳಿಗೆ ಮೂವತ್ತು. ತೋಳು ಸಡಿಲ."

"ಇನ್ನೂ ಇಳಿಸೋ ಕಿಟ್ಟ!"

"ಸಂಕ್ರಾಂತಿಗೆ ಇಪ್ಪತ್ತೆಂಟು.
ಮತ್ತೆ ಯುಗಾದಿ ಬಂತು. ಬಟ್ಟೆ ಇದೆ.
ಅಳತೆ ಇಲ್ಲ."

ಹಾಲ್ ನಗುತ್ತಲೇ ಇತ್ತು. ಹಾಸ್ಯ ಎಂದು ಹೇಳಿದ್ದರಲ್ಲ, ನಗುವುದು ಬಿಟ್ಟು ಅವರಾದರೂ ಏನು ಮಾಡಬೇಕಿತ್ತು? ವಿಘ್ನೇಶ್ವರ ಜೋರಾಗಿ ಚಪ್ಪಾಳೆ ತಟ್ಟಿದ. ಜಲಜಾಳ ಕೈ ಮಾತ್ರ ಲಂಗದ ಮೇಲೇ ಉಳಿಯಿತು.

ಅಮ್ಮನಿಗೆ ಕಾಯಿಲೆ ಬಂದದ್ದು ಶಿವರಾತ್ರಿಯ ಹಿಂದಿನ ವಾರ ಎಂದೇ ಅವಳು ತಿಳಿದಿದ್ದಳು. ಎಂಟು ದಿನ ಮಲಗಿದಳು, ಹೋದಳು. ಎಲ್ಲರೂ ಹಾಗೇ ಹೇಳುತ್ತಿದ್ದರು. ಒಂದು ವರ್ಷ ಪೂರ್ತಿ, ಹಬ್ಬದಿಂದ ಹಬ್ಬಕ್ಕೆ, ಅಮ್ಮ ಕರಗುತ್ತಿದ್ದುದನ್ನು ಅವಳು ಕಂಡೇ ಇರಲಿಲ್ಲ.

ಹಿಂದಿನ ಬಾಗಿಲ ಬಳಿ ಕುರ್ಚಿ ಎಳೆದ ಸದ್ದಾಯಿತು. ಅಪ್ಪ ಎದ್ದು ಹೊರಗೆ ಹೋಗಿದ್ದ.

ಕೊನೆಗೆ ಹಾಸ್ಯದಲ್ಲಿ ಮೊದಲ ಬಹುಮಾನ ಎಂದು ಕಿಟ್ಟಣ್ಣನಿಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಜಲಜಾ ನೇರ ಟೀಚರ್ ಬಳಿ ಹೋದಳು.

"ಟೀಚರ್, ನಮ್ಮಣ್ಣಂದು ಹಾಸ್ಯ ಅಲ್ಲ. ಅವನು ಕವನ ಅಂದಿದ್ದ. ನಾನೇ ಸುಳ್ಳು ಹೇಳ್ದೆ."

ಶೇಷಮ್ಮ ಟೀಚರ್ ಅವಳ ತಲೆಯ ಮೇಲೆ ಕೈಯಿಟ್ಟರು, ತೆಗೆದರು. "ಮುಗೀತಲ್ಲೇ ಜಲಜಾ," ಎಂದರು. "ಜನ ಹೋದ್ರು."

ಹೊರಗೆ ಇನ್ನೂ ಬೆಳಕಿತ್ತು. ಕಿಟ್ಟಣ್ಣ ಮೆಟ್ಟಿಲ ಮೇಲೆ ಕೂತು ಬೆರಳು ಮಡಚುತ್ತಿದ್ದ.

"ಯಾವುದು ತಪ್ಪು?" ಎಂದ. "ನಕ್ರು. ಅಮ್ಮಂದಕ್ಕೆ ನಕ್ರು. ಯಾವ್ದೋ ಅಳತೆ ತಪ್ಪಿದೆ."

"ಯಾವ್ದೂ ತಪ್ಪಿಲ್ಲ ಅಣ್ಣ."

"ಚೌತಿಗೆ ಮೂವತ್ತೆರಡೇ. ನಂಗೆ ಗೊತ್ತು."

"ತಪ್ಪಿದ್ದು ನಾನು. ಹಾಸ್ಯ ಅಂತ ಬರೆಸಿದ್ದು ನಾನು."

ಕಿಟ್ಟಣ್ಣ ಮಡಚಿದ್ದ ಬೆರಳುಗಳನ್ನು ಬಿಡಿಸಿದ. "ಹಾಸ್ಯ ಅಲ್ಲ," ಎಂದ.

"ಅಲ್ಲ. ಅಣ್ಣ, ಅಮ್ಮ ಸಣ್ಣ ಆಗ್ತಿದ್ದಾಳೆ ಅಂತ ಯಾರಿಗಾದ್ರೂ ಹೇಳಿದ್ಯಾ?"

"ಹೇಳ್ದೆ. ದೀಪಾವಳೀಲಿ ಅಪ್ಪಂಗೆ ಹೇಳ್ದೆ. ಸಂಕ್ರಾಂತೀಲೂ ಹೇಳ್ದೆ. 'ಸುಮ್ನಿರೋ' ಅಂದ. ಸುಮ್ನಿದ್ದೆ."

ಗೇಟಿನ ಹತ್ತಿರ ಅಪ್ಪ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. ಕೈಯೆತ್ತಿ ತೋಳಿನಿಂದ ಕಣ್ಣೊರೆಸಿಕೊಂಡ. ಕಿಟ್ಟಣ್ಣ ಎದ್ದ. "ಅಪ್ಪನ್ನ ಕೇಳ್ತೀನಿ. ಅಳತೆ ಸರಿಯಾ ಅಂತ."

ಜಲಜಾ ಅವನ ಕೈ ಹಿಡಿದು ಕೂರಿಸಿದಳು. "ಅಪ್ಪನ್ನ ಈಗ ಕೇಳ್ಬೇಡ. ನಂಗೆ ಹೇಳು. ನಾನು ಕೇಳ್ತೀನಿ."

ಕಿಟ್ಟಣ್ಣ ನೆಲ ನೋಡುತ್ತಾ ಮೊದಲಿನಿಂದ ಶುರು ಮಾಡಿದ.

"ಯುಗಾದಿಗೆ ಮೂವತ್ನಾಲ್ಕು."

"ಹೂಂ," ಎಂದಳು ಜಲಜಾ.

"ಚೌತಿಗೆ ಮೂವತ್ತೆರಡು."

"ಹೂಂ."

"ದೀಪಾವಳಿಗೆ ಮೂವತ್ತು. ತೋಳು ಸಡಿಲ."

"ಹೂಂ."

"ಸಂಕ್ರಾಂತಿಗೆ ಇಪ್ಪತ್ತೆಂಟು."

ಇದಕ್ಕೆ ಹೂಂ ಎನ್ನಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕಿಟ್ಟಣ್ಣ ಮುಂದಿನ ಸಾಲು ಹೇಳದೆ ಕಾದ.