ಹಿಂದಿನ ಸೀಟಿನ ಭಾರ

ಕಿಟ್ಟಣ್ಣನಿಗೆ ಸಿಟ್ಟು ಬಂದರೆ ಸ್ಪ್ಯಾನರು ಹಾರುತ್ತದೆ ಎಂಬುದು ಜಾಲ್ಸೂರಿನಲ್ಲಿ ಎಲ್ಲರಿಗೂ ಗೊತ್ತು. ಆ ದಿನ ಹಾರಿದ್ದು ಹೋಗಿ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಹೆಣ್ಣೊಬ್ಬಳ ಕಾಲ ಬುಡದಲ್ಲಿ ಬಿತ್ತು.

ಅವಳು ಹಿಂದೆ ಸರಿಯಲಿಲ್ಲ. ಬಗ್ಗಿ ಎತ್ತಿಕೊಂಡಳು.

"ನಿಮ್ಮದಾ ಇದು? ದಾರಿಯಲ್ಲಿ ಸಿಕ್ಕಿತು."

ಕಿಟ್ಟಣ್ಣನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಉಳಿದರ್ಧ ಮೋಟಾರು ಸೈಕಲ್ಲಿನ ಮೇಲಿತ್ತು.

ಅದು ಮಡಿಕೇರಿಯ ಬಿಳಿ ದೊರೆಯೊಬ್ಬ ತನ್ನ ಊರಿಗೆ ಹೋಗುವಾಗ ಬಿಟ್ಟುಹೋದ ರೇಸಿನ ಬೈಕು. ಆಮೇಲೆ ಅಜ್ಜಾವರದ ಬೋಜಪ್ಪ ಅದನ್ನು ಓಡಿಸಿದ. ಹೋದ ವರ್ಷ ಪಂಜದ ಹತ್ತಿರದ ತಿರುವಿನಲ್ಲಿ ಅದರ ಮೇಲಿಂದಲೇ ಬಿದ್ದು ಸತ್ತ. ಕಣ್ಣೆದುರು ಇಟ್ಟುಕೊಳ್ಳಲಾರದೆ ಅವನ ತಾಯಿ ಗಾಡಿಯನ್ನು ಕಿಟ್ಟಣ್ಣನಿಗೆ ಕೊಟ್ಟಿದ್ದಳು. ಕಿಟ್ಟಣ್ಣ ಮುಂದಿನ ಫೋರ್ಕಿಗೆ ದಪ್ಪ ಎಣ್ಣೆ ಹಾಕಿದ. ಮುಂಭಾಗ ಜಿಂಕೆಯ ಹಾಗಾಯಿತು. ಹಿಂದಿನದ್ದೇ ಹಟ.

ಹಿಂದಿನ ಶಾಕಬ್ಸರಿನ ಬುಡದಲ್ಲಿ ಮೂರು ಮೆಟ್ಟು ಇರುತ್ತವೆ. ಒಬ್ಬನೇ ಹೋಗುವುದಾದರೆ ಮೊದಲನೆಯದು, ಹೊರೆ ಇದ್ದರೆ ಎರಡನೆಯದು, ಜೋಡಿಯಾಗಿ ಹೋಗುವುದಾದರೆ ಮೂರನೆಯದು. ಮೆಟ್ಟು ಏರಿಸಿದಷ್ಟೂ ಸ್ಪ್ರಿಂಗು ಬಿಗಿ. ಈ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದರೆ ಸಾಕು, ಯಾವ ಮೆಟ್ಟಿನಲ್ಲಿದ್ದರೂ, ಯಾರೂ ಹತ್ತದೆಯೇ, ಹಿಂಬದಿ 'ಉಸ್' ಎಂದು ಕುಸಿಯುತ್ತಿತ್ತು. ಸ್ಪ್ರಿಂಗು ಸತ್ತಿರಬೇಕೆಂದು ಕಿಟ್ಟಣ್ಣ ಮಂಗಳೂರಿನಿಂದ ಇನ್ನೂ ದಪ್ಪದ್ದು ತರಿಸಿ ಹಾಕಿದ. ಆಗಲೂ 'ಉಸ್'.

"ಅದು ಏಳುದಿಲ್ಲ, ಬಿಡಿ," ಎಂದಳು ಅವಳು.

"ಎಂತ, ನೀವು ಮೆಕ್ಯಾನಿಕ್ಕಾ?"

"ಅಲ್ಲ, ಟೈಲರು. ನಾನು ಪರಮೇಶ್ವರಿ. ಬೋಜಪ್ಪನಿಗೆ ನಿಶ್ಚಯ ಆಗಿದ್ದ ಹುಡುಗಿ."

ಕಿಟ್ಟಣ್ಣ ಕೈ ಒರೆಸಲು ಬಟ್ಟೆ ಹುಡುಕುವ ನೆಪ ಮಾಡಿದ.

"ಮದುವೆ ಆದ ಮರುದಿನ ಮೂರನೇ ಮೆಟ್ಟಿಗೆ ತಿರುಗಿಸಿ ನಿನ್ನನ್ನು ಸುಬ್ರಹ್ಮಣ್ಯಕ್ಕೆ ಕರಕೊಂಡು ಹೋಗ್ತೇನೆ ಅಂದಿದ್ದರು," ಅವಳು ಸೀಟಿನ ಮೇಲೆ ಬೆರಳಾಡಿಸಿದಳು. "ಒಂದು ಸಲವೂ ಕೂತವಳಲ್ಲ ನಾನು. ಕೂತು ನೋಡ್ಲಾ?"

ಅವಳು ಕೂತಳು. ಕಿಟ್ಟಣ್ಣ ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಿಕೊಂಡಿದ್ದ.

ಹಿಂಬದಿ ಕೂದಲಿನಷ್ಟೂ ಇಳಿಯಲಿಲ್ಲ.

ಅವನು ಅವಳನ್ನು ಇಳಿಸಿ, ಶಾಕಬ್ಸರಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಮತ್ತೆ ಕೂರಿಸಿದ. ಗೆರೆ ಇದ್ದಲ್ಲೇ ಇತ್ತು. ಹೊರಗೆ ಮಟಮಟ ಮಧ್ಯಾಹ್ನ. ಆದರೂ ಅವನ ಬೆನ್ನ ಮೇಲೆ ತಣ್ಣಗಿನ ಹುಳ ಹರಿದ ಹಾಗಾಯಿತು. ಬದುಕಿರುವ ಹೆಣ್ಣು ಕೂತರೂ ಸ್ಪ್ರಿಂಗಿಗೆ ಗೊತ್ತಾಗುವುದಿಲ್ಲ ಎಂದರೆ, ಅವಳ ಭಾರ ಮೊದಲೇ ಅದರ ಮೇಲೆ ಇತ್ತು.

"ಈಗ ಗೊತ್ತಾಯ್ತಲ್ಲ?" ಅವಳ ದನಿ ಸಣ್ಣದಾಗಿತ್ತು. "ಹೋದ ವರ್ಷದಿಂದ ಬಾಯಿಗೆ ರುಚಿಯಿಲ್ಲ. ಕನ್ನಡಿಯ ಮುಂದೆ ನಿಂತರೆ ನನ್ನ ಮುಖ ಸ್ವಲ್ಪ ತಡವಾಗಿ ಬರ್ತದೆ. ಹೆಣ್ಣು ನೋಡ್ಲಿಕ್ಕೆ ಬಂದವರು ಬೇಲಿಯ ತಡಮೆ ದಾಟುದಿಲ್ಲ, ಅಲ್ಲಿಂದಲೇ ತಿರುಗಿ ಹೋಗ್ತಾರೆ. ಅರ್ಧ ನಾನು ಇಲ್ಲೇ ಕೂತಿದ್ದೇನೆ. ಸತ್ತವರು ಬಿಡುದಿಲ್ಲ."

ಕಿಟ್ಟಣ್ಣನಿಗೆ ಹೆದರಿಕೆ ಆದದ್ದು ನಿಜ. ಆದರೆ ಅವಳು ಇಳಿಯುವಾಗ ಸೆರಗು ಸರಿಪಡಿಸಿಕೊಂಡ ರೀತಿ ಅವನಿಗೆ ಅದಕ್ಕಿಂತ ಹೆಚ್ಚು ತೊಂದರೆ ಕೊಟ್ಟಿತು.

"ಸೀಟಿನ ಕವರು ಹರಿದಿದೆ," ಎಂದ ಒರಟಾಗಿ. "ಹೊಲೀತೀರಾ?"

ಒಂದು ಕವರು ಹೊಲಿಯಲು ಅವಳು ಎಷ್ಟು ಸಲ ಬಂದಳೋ! ಒಮ್ಮೆ ಅಳತೆಗೆ, ಒಮ್ಮೆ ಅಳತೆ ತಪ್ಪಿತೆಂದು, ಒಮ್ಮೆ ನೂಲಿನ ಬಣ್ಣ ಕೇಳಲಿಕ್ಕೆ. ಕಪ್ಪು ರೆಕ್ಸಿನಿಗೆ ಕಪ್ಪು ನೂಲಲ್ಲದೆ ಇನ್ನೆಂತದ್ದು? ಕಿಟ್ಟಣ್ಣ ಅದನ್ನು ಕೇಳಲಿಲ್ಲ. ಗ್ಯಾರೇಜಿನಲ್ಲಿ ಸ್ಪ್ಯಾನರು ಹಾರುವುದು ನಿಂತಿತು.

"ನಿಮ್ಮ ಹೆಸರಿನಲ್ಲೇ ದೊಡ್ಡ ತೊಂದರೆ ಉಂಟು ಮಾರಾಯ್ರೆ," ಎಂದಳು ಒಂದು ದಿನ, ಹಲ್ಲಿನಲ್ಲಿ ನೂಲು ಕಡಿಯುತ್ತ.

"ಎಂತ ತೊಂದರೆ?"

"ಕರೆದರೆ ಅಣ್ಣ ಆಗ್ತೀರಿ."

ಹೇಳಿದವಳು ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು. ಕಿಟ್ಟಣ್ಣನ ಕಿವಿ ಸೈಲೆನ್ಸರಿನ ಹಾಗೆ ಕಾದಿತ್ತು.

ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಬೋಜಪ್ಪನ ತಾಯಿ ದೇವಕಿಯಕ್ಕ ಗ್ಯಾರೇಜಿಗೆ ಬಂದಳು. ಮದುವೆಯಾಗದೆ ಸತ್ತ ಮಗನಿಗೆ ಹೆಣ್ಣು ಸಿಕ್ಕಿತ್ತು: ಪಂಜದವಳು, ಜ್ವರ ಬಂದು ತೀರಿಹೋದವಳು. ಸತ್ತವರಿಗೆ ಸತ್ತವರನ್ನೇ ತಂದು ಮಾಡುವ ಕುಲೆ ಮದುವೆ. ಜಾತಕ ಕೂಡಿತ್ತು, ದಿನ ನೋಡಿಯಾಗಿತ್ತು.

"ನನ್ನ ಮಗ ದಿಬ್ಬಣ ಹೋಗುದಾದರೆ ಅದೇ ಗಾಡಿಯಲ್ಲಿ," ಎಂದಳು. "ನೀನೇ ಓಡಿಸಬೇಕು ಮಗಾ."

ಕಿಟ್ಟಣ್ಣ ಹೂಂ ಎಂದ. ಆ ಮದುಮಗ ಹೊಸ ಹೆಣ್ಣಿನ ಕೈ ಹಿಡಿದರೆ ಪರಮೇಶ್ವರಿಯನ್ನು ಬಿಡುತ್ತಾನೆ. ಹಿಡಿಯದಿದ್ದರೆ?

ಹೊರಡುವ ದಿನ ಪರಮೇಶ್ವರಿ ಅಜ್ಜಾವರದ ದಾರಿಬದಿಯಲ್ಲಿ ಕಾಯುತ್ತಿದ್ದಳು.

"ಅವರು ಬಿದ್ದ ತಿರುವಿನಲ್ಲಿ ಹಿಂದೆ ನೋಡಬೇಡಿ."

"ನೋಡುದಿಲ್ಲ."

"ನನ್ನ ಅರ್ಧವೂ ಅದರ ಮೇಲೆ ಉಂಟು. ಬೀಳಿಸಬೇಡಿ." ಅವಳು ನಗಲು ನೋಡಿದಳು, ಆಗಲಿಲ್ಲ.

ಹೊಸ ಮುಂಡು, ಶಾಲು, ಮುಂಡಾಸು ತೊಡಿಸಿದ, ಬೋಜಪ್ಪನ ಹೆಸರಿನ ಹುಲ್ಲಿನ ಬೊಂಬೆಯನ್ನು ಅವಳೇ ಹೊಲಿದ ಕವರಿನ ಮೇಲೆ ಕೂರಿಸಿ ಕಟ್ಟಿದ್ದರು. ಕೊರಳಲ್ಲಿ ಅಡಿಕೆ ಹಿಂಗಾರದ ಮಾಲೆ. ದಿಬ್ಬಣದವರು ಜೀಪಿನಲ್ಲಿ ಹಿಂದೆ ಉಳಿದರು. ಮಳೆ ಬಿಟ್ಟ ಹೊತ್ತು, ಆನೆಯ ಬೆನ್ನು ಒಡೆಯುವಂಥ ಆಟಿಯ ಬಿಸಿಲು. ಆ ತಿರುವಿಗೆ ಬಂದಾಗ ಮಾತ್ರ ಬಿಸಿಲು ತಣ್ಣಗಾಯಿತು.

ಗಾಡಿ ಭಾರವಾಯಿತು. ಬ್ರೇಕು ಒತ್ತದೆಯೇ ನಿಧಾನವಾಯಿತು. ಹಿಂಬದಿ ಕುಸಿಯುತ್ತ ಕುಸಿಯುತ್ತ ಮಡ್‌ಗಾರ್ಡು ಟಯರಿಗೆ ಉಜ್ಜತೊಡಗಿತು. ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟರು. ಹುಲ್ಲಿಗೆ ಉಸಿರಿಲ್ಲ ಎಂದು ಕಿಟ್ಟಣ್ಣನಿಗೆ ಗೊತ್ತಿತ್ತು. ಎರಡು ಕೈಗಳು ಅವನ ಹೆಗಲ ಮೇಲೆ ಕೂತವು; ಒಂದು ಗಂಡಸಿನದು, ಒಂದು ಬಳೆ ತೊಟ್ಟದ್ದು.

ಹೆದರಿಕೆ ತಲೆಗೇರಿದಾಗ ಅವನಿಗೆ ಬರುವುದು ಒಂದೇ, ಸಿಟ್ಟು.

"ಬೋಜಪ್ಪಾ!" ಎಂದು ಕಾಡು ಬಿರಿಯುವ ಹಾಗೆ ಕೂಗಿದ. "ನಿನಗೆ ಮರ್ಯಾದೆ ಉಂಟಾ ಮಾರಾಯ? ಅಲ್ಲಿ ನಿನ್ನ ಹೆಣ್ಣು ಸೀರೆ ಉಟ್ಟು ಕಾಯ್ತಾ ಉಂಟು, ಇಲ್ಲಿ ಇವಳನ್ನು ಹಿಡಕೊಂಡು ಕೂತಿದ್ದೀಯಲ್ಲ! ಬಿಡು ಅವಳನ್ನು! ಅವಳು ನನಗೆ ಬೇಕು!"

ಕಾಡು ಸುಮ್ಮನಾಯಿತು. ಆಮೇಲೆ ಕಿವಿಯ ಹತ್ತಿರವೇ ಯಾರೋ ಕಿಸಕ್ಕನೆ ನಕ್ಕರು, ಗೆಳೆಯನ ಗುಟ್ಟು ಸಿಕ್ಕಿದಾಗ ನಗುವ ಹಾಗೆ. ಗಂಡಸಿನ ಕೈ ಹೆಗಲನ್ನು ಒಮ್ಮೆ ತಟ್ಟಿತು. ಗಾಡಿ ಮುಂದೆ ಹೋಯಿತು.

ಪಂಜದಲ್ಲಿ ಮುಹೂರ್ತ ಹತ್ತಿರ ಬಂದರೂ ಮದುಮಗಳ ಸಿಂಗಾರ ಮುಗಿದಿರಲಿಲ್ಲ. "ಎಂತ ತಡ ನಿಮ್ಮದು?" ಎಂದು ಗಂಡಿನವರು ಜೋರು ಮಾಡಿದರು. "ಬದುಕಿದ್ದಾಗಲೂ ಅವಳು ಹೀಗೇ, ಜಡೆಗೇ ಹೊತ್ತು ಬೇಕು," ಎಂದಳು ಹೆಣ್ಣಿನ ಅಜ್ಜಿ. ಹೆಂಗಸರು ನಗುತ್ತ ಕಣ್ಣೊರೆಸಿಕೊಂಡರು.

ಮದುಮಗಳ ಬೊಂಬೆಯ ಸೆರಗಿಗೆ ಮದುಮಗನ ಶಾಲು ಕಟ್ಟಿದ ಗಳಿಗೆಯಲ್ಲಿ, ಅಂಗಳದಾಚೆ ಗೋಡೆಗೆ ಒರಗಿಸಿದ್ದ ಗಾಡಿಯಿಂದ 'ಉಸ್' ಎಂಬ ಸದ್ದು ಬಂತು. ಕಿಟ್ಟಣ್ಣ ಓಡಿದ. ಹತ್ತಿರ ಯಾರೂ ಇರಲಿಲ್ಲ. ಹಿಂಬದಿ ಎದ್ದು ನಿಂತಿತ್ತು. ಹೊರಡುವ ಮೊದಲು ಮತ್ತೆ ಎಳೆದಿದ್ದ ಸೀಮೆಸುಣ್ಣದ ಗೆರೆ ಮೇಲೆ ಹೋಗಿತ್ತು.

ಬರುವಾಗ ಗಾಡಿ ಎಷ್ಟು ಹಗುರವಾಗಿತ್ತೆಂದರೆ ಹೊಂಡಗಳಲ್ಲಿ ಹಾರುತ್ತಿತ್ತು. ಪರಮೇಶ್ವರಿ ಅದೇ ಜಾಗದಲ್ಲಿ ನಿಂತಿದ್ದಳು. ಕಣ್ಣು, ಮೂಗು ಕೆಂಪಾಗಿದ್ದವು.

"ಅತ್ತದ್ದಾ?"

"ಅಲ್ಲ. ಊಟಕ್ಕೆ ಕೂತಾಗ ಉಪ್ಪಿನಕಾಯಿ ಖಾರ ಹತ್ತಿತು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಎಷ್ಟು ಖಾರ ಮಾರಾಯ್ರೆ! ಇನ್ನೊಂದು ತುಂಡು ಹಾಕಿಸಿಕೊಂಡೆ."

"ಕೂತು ನೋಡಿ."

ಅವಳು ಕೂತಳು. ಶಾಕಬ್ಸರು ಮೆತ್ತಗೆ, ಬೇಕಾದಷ್ಟೇ, ಇಳಿಯಿತು.

"ಅಬ್ಬಾ, ಎಂತ ಭಾರ!" ಎಂದ ಕಿಟ್ಟಣ್ಣ.

"ನಿಮ್ಮ ಸ್ಪ್ರಿಂಗು ಸರಿಯಿಲ್ಲ, ಕಿಟ್ಟ..." ಅವಳು ಅರ್ಧದಲ್ಲೇ ನಿಲ್ಲಿಸಿದಳು. "ಇನ್ನು ನಿಮ್ಮನ್ನು ಎಂತ ಕರೆಯುದು?"

ಅವನು ಮೊಣಕಾಲೂರಿ, ಕೊಕ್ಕೆಯ ಸ್ಪ್ಯಾನರು ಹಾಕಿ, ಎರಡೂ ಬದಿಯ ಶಾಕಬ್ಸರನ್ನು ಮೂರನೇ ಮೆಟ್ಟಿಗೆ ತಿರುಗಿಸುತ್ತಿದ್ದ. ತಲೆ ಎತ್ತದೆಯೇ ಹೇಳಿದ:

"ಹೆಸರು ಹಿಡಿದು ಕರೆಯುದೇ ಬೇಡ ಇನ್ನು."

ನಮ್ಮೂರಿನಲ್ಲಿ ಯಾವ ಹೆಣ್ಣು ಯಾರ ಹೆಸರು ಹಿಡಿದು ಕರೆಯುವುದಿಲ್ಲ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಹಾಗಾದರೆ ಬೇಗ ಹತ್ತಿ, ನೋಡುವವರು ನೋಡ್ಲಿ," ಎಂದಳು.

ಅವನು ಕಿಕ್ಕರ್ ಹೊಡೆದ. ಗಾಡಿ ಹೊರಟಾಗ ಅವನ ಹೆಗಲ ಮೇಲೆ ಒಂದೇ ಕೈ ಇತ್ತು, ಬೆಚ್ಚಗಿನದು, ಬಳೆ ತೊಟ್ಟದ್ದು. ಕಿಟ್ಟಣ್ಣ ಹ್ಯಾಂಡಲಿನ ಕನ್ನಡಿಯತ್ತ ಕಣ್ಣು ಹಾಯಿಸಿದ.

ಅವಳ ಮುಖ ತಡಮಾಡದೆ ಬಂತು.