ಷಡ್ಡಕನಿಗೆಂದು ತರಿಸಿದ ಸಿಗಡಿ

ಮಾವನವರ ಕನ್ನಡಕದ ಅಂಗಡಿಯಲ್ಲಿ ಲೆನ್ಸು ಉಜ್ಜಿ ಉಜ್ಜಿ ಅವನ ಬೆರಳು ಸವೆದಿತ್ತು. ನಿನ್ನೆ ಮೊನ್ನೆ ಬಂದ ಷಡ್ಡಕ, ಅಂದರೆ ನಾದಿನಿಯ ಗಂಡ, ಬರೀ ಬೆಣ್ಣೆ ಹಚ್ಚಿಯೇ ಮಾವನನ್ನು ಬುಟ್ಟಿಗೆ ಹಾಕಿಕೊಂಡಿದ್ದ. ಇವತ್ತು ಸ್ಪ್ಯಾನಿಷ್ ಹೋಟೆಲಿನಲ್ಲಿ ಮೂವರ ಊಟ. ಊಟವಾದ ಮೇಲೆ ಅಳಿಯಂದಿರಿಬ್ಬರೂ ಅಂಗಡಿಯನ್ನು ಹೇಗೆ ನಡೆಸುತ್ತೇವೆಂದು ಹೇಳಬೇಕು. ಯಾರ ಮಾತು ಹಿಡಿಸಿತೋ ಅವನ ಕೈಗೆ ಬೀಗದ ಕೈ. ಮಾತಿನಲ್ಲಿ ಗೆಲ್ಲುವುದು ತನ್ನ ಹಣೆಯಲ್ಲಿ ಬರೆದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಜೇಬಿನಲ್ಲಿ ಭೇದಿ ಔಷಧಿಯ ಪುಟ್ಟ ಸೀಸೆ ಇಟ್ಟುಕೊಂಡು ಬಂದಿದ್ದ.

ದೊಡ್ಡ ದೊಡ್ಡ ಅಪರಾಧಿಗಳು ಬ್ಯಾಂಕಿಗೆ ಕನ್ನ ಹಾಕುತ್ತಾರೆ. ಇವನ ಗುರಿ ಷಡ್ಡಕನ ಹೊಟ್ಟೆ. ಇರಲಿ, ಅವರವರ ಯೋಗ್ಯತೆ. ಆದರೆ ಉಪಾಯದಲ್ಲಿ ಲೋಪವಿರಲಿಲ್ಲ. ಇಲ್ಲಿ ಎಲ್ಲವೂ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಬಂದು ಮೇಜಿನ ನಡುವೆ ಕೂರುತ್ತವೆ, ಎಲ್ಲರೂ ಎಲ್ಲದಕ್ಕೂ ಕೈ ಹಾಕುತ್ತಾರೆ. ಆದ್ದರಿಂದಲೇ ಸಿಗಡಿಯನ್ನು ಆರಿಸಿದ್ದ. ಸಿಗಡಿ ತಿಂದರೆ ಮಾವನಿಗೆ ಮೈಯೆಲ್ಲ ದದ್ದು. ಷಡ್ಡಕನಿಗೋ, ಸಿಗಡಿಯೆಂದರೆ ಪ್ರಾಣ. ತಾನು ಮಾತ್ರ ಒಂದೇ ಒಂದು ಸಿಗಡಿಯನ್ನೂ ಮುಟ್ಟಕೂಡದು, ಅಷ್ಟೇ.

ಮಣ್ಣಿನ ಬಟ್ಟಲಲ್ಲಿ, ಬೆಳ್ಳುಳ್ಳಿ ಎಣ್ಣೆಯಲ್ಲಿ ಚುರುಗುಡುತ್ತ ಸಿಗಡಿ ಬಂತು, ಪಕ್ಕದಲ್ಲಿ ಒಂದು ಬುಟ್ಟಿ ಬ್ರೆಡ್ಡು. "ಕೊಡಿ ಮಾವ, ಒರೆಸಿಕೊಡ್ತೀನಿ" ಎಂದು ಷಡ್ಡಕ ಎಂದಿನಂತೆ ಮಾವನ ಕನ್ನಡಕ ಇಸಕೊಂಡು ಭಕ್ತಿಯಿಂದ ಉಜ್ಜತೊಡಗಿದ. ಒಬ್ಬರಿಗೆ ಕಣ್ಣು ಕಾಣದು, ಇನ್ನೊಬ್ಬನಿಗೆ ಪುರುಸೊತ್ತಿಲ್ಲ. ಸೀಸೆ ಖಾಲಿಯಾಯಿತು.

ಷಡ್ಡಕ ಫೋರ್ಕಿನಿಂದ ಒಂದೊಂದೇ ಸಿಗಡಿ ಎತ್ತಿ ಬಾಯಿಗಿಟ್ಟ. "ಅಬ್ಬಾ, ಏನು ರುಚಿ ಅಣ್ಣ! ನೀವೂ ತಗೊಳ್ಳಿ."

"ಬೇಡಪ್ಪ, ನೀನು ತಿನ್ನು" ಎಂದ, ಜನ್ಮದಲ್ಲಿ ಮೊದಲ ಸಲ ಅವನ ಮೇಲೆ ಪ್ರೀತಿ ಉಕ್ಕಿ. ಕೊನೆಯ ಸಿಗಡಿಯೂ ಹೋಯಿತು. ಇನ್ನೇನು ಷಡ್ಡಕನ ಹಣೆಯಲ್ಲಿ ಬೆವರು ಮೂಡಬೇಕು. ಇವನು ಬ್ರೆಡ್ಡು ಮೆಲ್ಲುತ್ತ, ಕಣ್ಣು ಮಿಟುಕಿಸದೆ ನೋಡುತ್ತ ಕೂತ. ಬೆವರು ಮಾತ್ರ ಬರಲೊಲ್ಲದು.

ಸರ್ವರ್ ಬಟ್ಟಲು ಎತ್ತಲು ಬಂದವನು ಇವನನ್ನು ನೋಡಿ ನಕ್ಕ. "ನೀವು ತಿನ್ನೋದು ಗೊತ್ತಿರೋರು ಸಾರ್. ಹಾಕಿದ್ದೆಲ್ಲ ಎಣ್ಣೆಗೇ ಇಳಿದಿರತ್ತೆ. ಬ್ರೆಡ್ಡಲ್ಲಿ ಒರೆಸಿ ತಿನ್ನೋರಿಗೇ ಅದರ ಮಜಾ." ಇವನು ಕೆಳಗೆ ನೋಡಿದ. ಬಟ್ಟಲು ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ತನ್ನದೇ ಬೆರಳುಗಳ ನಡುವೆ ಎಣ್ಣೆ ಕುಡಿದ ಬ್ರೆಡ್ಡಿನ ಕೊನೆಯ ತುಣುಕಿತ್ತು. ಹೊಟ್ಟೆಯೊಳಗೆ ಎಲ್ಲೋ ಗುಡುಗಿತು. ಮಾವ ಕುರ್ಚಿಗೆ ಒರಗಿ ಕೂತರು. "ಹೂಂ, ಅಳಿಯಂದ್ರೇ, ದೊಡ್ಡೋರು ನೀವು, ಮೊದಲು ನೀವೇ ಶುರುಮಾಡಿ. ಏನೂ ಅವಸರ ಇಲ್ಲ, ನಿಧಾನವಾಗಿ ಹೇಳಿ."