ಹನ್ನೊಂದೂವರೆಯ ತಪಾಸಣೆ

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಬಸ್ ಡ್ರೈವರ್ ಒಬ್ಬ ಠಾಣೆಗೆ ಬಂದ. ಸಮವಸ್ತ್ರದ ತುಂಬ ಸಿಮೆಂಟಿನ ಧೂಳು. ಅಳುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಕೈಯಲ್ಲಿ ಬಟ್ಟೆ ಅಳೆಯುವ ಟೇಪು ಹಿಡಿದಿದ್ದ. ಅದನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಇಟ್ಟು ನಿಂತ.

"ಏನಾಯ್ತು?"

"ಬಾಲ್ಕನಿ ಬಿತ್ತು ಮೇಡಂ. ಅಕ್ಕ ಅದರ ಮೇಲಿದ್ದಳು."

"ಅಕ್ಕ ಈಗ ಎಲ್ಲಿದ್ದಾರೆ?"

"ಆಸ್ಪತ್ರೆಯಲ್ಲಿ. ಎಂಟು ಐವತ್ತೈದಕ್ಕೆ ಡಾಕ್ಟರು ಜೀವ ಇಲ್ಲ ಅಂದ್ರು."

ಇನ್ಸ್‌ಪೆಕ್ಟರ್ ಎದುರಿನ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ. ಧೂಳಾಗುತ್ತದೆ ಎಂದ. ಕೇಳಿದ್ದಕ್ಕೆಲ್ಲ ನಿಲ್ದಾಣಗಳ ಹೆಸರು ಹೇಳುವವನ ಹಾಗೆ ಉತ್ತರಿಸಿದ. ಮನೆ ಅವನದೇ, ಕಟ್ಟಿಸುತ್ತಿದ್ದ. ಮೊದಲ ಮಹಡಿಯ ಬಾಲ್ಕನಿಗೆ ಆಸರೆ ಕೊಟ್ಟಿದ್ದ ಕಂಬಗಳನ್ನು ನಿನ್ನೆ ಸಂಜೆಯಷ್ಟೇ ತೆಗೆದಿದ್ದರು. ಅಕ್ಕ ಬಟ್ಟೆ ಹೊಲಿಯುವವಳು. ತಮ್ಮನ ಮನೆಯ ಪರದೆಗಳನ್ನೆಲ್ಲ ತಾನೇ ಹೊಲಿಯುತ್ತೇನೆಂದು ಹಟ ಹಿಡಿದಿದ್ದಳು. ಬೆಳಿಗ್ಗೆ ಎಂಟೂ ಕಾಲಿಗೆ ಬಾಲ್ಕನಿ ಬಾಗಿಲಿನ ಅಳತೆ ತೆಗೆದುಕೊಳ್ಳಲು ಹೋಗಿ, ಹೊರಗಿನಿಂದಲೂ ನೋಡೋಣವೆಂದು ಎರಡು ಹೆಜ್ಜೆ ಇಟ್ಟಿದ್ದಳು.

"ಯಾರ ಮೇಲೆ ಅನುಮಾನ?"

"ಅನುಮಾನ ಅಲ್ಲ ಮೇಡಂ. ಬಿದ್ದಿದ್ದು ಯಾಕೆ ಅಂತ ಗೊತ್ತಾಗಬೇಕು. ಅಷ್ಟೇ."

ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು. ಆರೋಪಿ ಎಂಬ ಕಡೆ ಸದ್ಯಕ್ಕೆ ಖಾಲಿ.

ಜೀಪು ಹತ್ತುವಾಗ ಇನ್ಸ್‌ಪೆಕ್ಟರ್‌ಗೆ ತನ್ನ ಮನೆ ನೆನಪಾಯಿತು. ಬಾಲ್ಕನಿ ಎಂಬ ಮಾತು ಕೇಳಿದರೆ ಯಾರಿಗೆ ತಾನೇ ಸ್ವಂತ ಬಾಲ್ಕನಿ ನೆನಪಾಗುವುದಿಲ್ಲ? ಆಕೆಯ ಮನೆ ಮುಗಿದು ನಾಲ್ಕು ತಿಂಗಳು. ಮಂಡಿ ನೋವಿನ ಅಮ್ಮನಿಗೆ ಆ ಬಾಲ್ಕನಿಯೇ ಊರು. ಮಧ್ಯಾಹ್ನ ಊಟವಾದ ಮೇಲೆ ಕುರ್ಚಿ ಹಾಕಿಕೊಂಡು ಕುಳಿತರೆ ಬೀದಿದೀಪ ಹತ್ತುವವರೆಗೆ ಏಳುವವಳಲ್ಲ. ಹೋದ ವಾರ, "ಬಾಗಿಲ ಬುಡದಲ್ಲಿ ಒಂದು ಗೆರೆ ಬಂದಿದೆ ಕಣೇ" ಎಂದಿದ್ದಳು. "ಹೊಸ ಮನೆ ಅಮ್ಮ, ಗೆರೆ ಬರುತ್ತೆ" ಎಂದು ಮಗಳು ಶೂ ಲೇಸು ಕಟ್ಟುತ್ತಲೇ ಹೇಳಿದ್ದಳು.

ಸ್ಥಳ ಪಂಚನಾಮೆ ಹತ್ತು ಐವತ್ತಕ್ಕೆ ಶುರುವಾಯಿತು. ಬರೆಯುವವನು ದಫೇದಾರ. ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಬಾಯಿ ಸುಮ್ಮನಿರದ ಮನುಷ್ಯ. ಅವನ ಅಪ್ಪ ಗಾರೆ ಕೆಲಸದವನು. ಬಾಲ್ಯವೆಲ್ಲ ಮರಳಿನ ಗುಡ್ಡೆಯ ಮೇಲೆ ಕಳೆದಿದ್ದ. ಬಿದ್ದ ಚಪ್ಪಡಿಯ ಒಡೆದ ಅಂಚಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬೆರಳಿಟ್ಟು ಅಳೆದ.

"ಮೇಡಂ, ಇಲ್ಲಿ ನೋಡಿ. ಐದಿಂಚು ದಪ್ಪ. ಕಂಬಿ ಮೇಲಿಂದ ಒಂದಿಂಚು ಕೆಳಗಿರಬೇಕಿತ್ತು. ನಾಲ್ಕಿಂಚು ಕೆಳಗಿದೆ. ತಳ ಸೇರಿಬಿಟ್ಟಿದೆ."

"ಕಂಬಿ ಇದೆಯಲ್ಲ. ಮೇಲಿದ್ದರೇನು, ಕೆಳಗಿದ್ದರೇನು?"

"ನೀವು ಕೈ ಚಾಚಿ ತುಂಬಿದ ಕೊಡ ಹಿಡೀರಿ. ಎಲ್ಲಿ ಎಳೆಯುತ್ತೆ? ಭುಜದ ಮೇಲೆ ತಾನೇ? ಕಂಕುಳಲ್ಲಿ ಅಲ್ಲ. ಬಾಲ್ಕನಿ ಅಂದ್ರೆ ಗೋಡೆ ಚಾಚಿದ ಕೈ. ಬಲ ಎಲ್ಲ ಮೇಲ್ಗಡೆ ಬೇಕು."

"ತಳಕ್ಕೆ ಹೇಗೆ ಹೋಯ್ತು?"

"ಕಾಲು ಮೇಡಂ. ಕಾಂಕ್ರೀಟ್ ಸುರಿಯುವಾಗ ಆಳುಗಳು ಕಂಬಿ ಮೇಲೇ ಓಡಾಡ್ತಾರೆ. ತುಳಿದೂ ತುಳಿದೂ ಕೆಳಗಿಳಿಯುತ್ತೆ. ಆಗ ಒಬ್ಬ ನಿಂತು ನೋಡ್ತಾ, ಎತ್ತಿಸ್ತಾ ಇರಬೇಕು. ಅದಕ್ಕೇ ಸರ್ಕಾರ ಒಬ್ಬನನ್ನ ಇಟ್ಟಿರೋದು. ಮೇಲೆ ಕಾಂಕ್ರೀಟ್ ಬಿದ್ದ ಮೇಲೆ ದೇವರಿಗೂ ಕಾಣಲ್ಲ."

ಮೇಸ್ತ್ರಿ ಅಲ್ಲಿಯೇ ಮರಳಿನ ಮೇಲೆ ಕೂತಿದ್ದ. ಅಕ್ಕಪಕ್ಕದವರು ಆಗಲೇ ಅವನನ್ನು ಕೊಲೆಗಾರನನ್ನಾಗಿ ಮಾಡಿ ಮುಗಿಸಿದ್ದರು. ಮಧ್ಯಾಹ್ನ ಒಂದೂ ಕಾಲಿಗೆ ಠಾಣೆಯಲ್ಲಿ ಅವನ ಹೇಳಿಕೆ ಆಯಿತು.

"ಕಾಂಕ್ರೀಟ್ ಹಾಕಿದ್ದು ಯಾವತ್ತು?"

"ಹೋದ ತಿಂಗಳು ಹದಿನಾಲ್ಕು."

"ಎಷ್ಟು ಹೊತ್ತಿಗೆ?"

ಅವನು ಅಂಗಿಯ ಜೇಬಿನಿಂದ ಮಡಚಿದ ಚೀಟಿ ತೆಗೆದ. ಕಾಂಕ್ರೀಟ್ ಲಾರಿಯದು. ಬಂದದ್ದು ಎಂಟು ಹತ್ತು, ಖಾಲಿಯಾದದ್ದು ಒಂಬತ್ತು ಐವತ್ತು.

"ತಪಾಸಣೆಗೆ ಅಧಿಕಾರಿ ಬಂದಿದ್ರಾ?"

"ಇಲ್ಲ. ಕಂಬಿ ಕಟ್ಟಿ ಹಿಂದಿನ ದಿನಾನೇ ಫೋಟೊ ಕಳಿಸಿದ್ದೆ. ಅವರು ಫೋಟೊ ಸಾಕು ಅಂತಾರೆ."

"ಫೋಟೊದಲ್ಲಿ ಕಂಬಿ ಮೇಲಿತ್ತಾ?"

"ಮೇಲೇ ಇತ್ತು. ಸುಳ್ಳು ಫೋಟೊ ಅಲ್ಲ ಅದು." ಅವನು ತನ್ನ ಪಾದಗಳನ್ನು ನೋಡಿಕೊಂಡ. "ತುಳಿದವರು ನಾವೇ. ಲಾರಿ ನಿಂತಿತ್ತು, ಕಾಂಕ್ರೀಟ್ ಕಾಯಲ್ಲ. ನಾನು ಕೆಳಗಡೆ ಆಸರೆ ನೋಡ್ತಿದ್ದೆ. ಮೇಲೆ ನೋಡೋಕೆ ಯಾರೂ ಇರಲಿಲ್ಲ."

ಅವನನ್ನು ಎರಡನೇ ಆರೋಪಿ ಎಂದು ಬರೆದರು. ಮೊದಲನೆಯ ಜಾಗ ಇನ್ನೂ ಖಾಲಿಯಿತ್ತು.

ಕಟ್ಟಡ ಪರವಾನಗಿ ಕಚೇರಿಗೆ ಹೋದಾಗ ಮೂರು ಗಂಟೆ. ಕಿಟಕಿಯ ಮುಂದೆ ನಕ್ಷೆಯ ಸುರುಳಿ ಹಿಡಿದ ಸಾಲು. ಒಳಗೆ ಮೂಲೆಯ ಮೇಜಿನಲ್ಲಿ ತಪಾಸಣಾಧಿಕಾರಿ. ಐವತ್ತು ದಾಟಿದ, ಬಡಕಲು, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಕಚೇರಿಯಲ್ಲಿ ಅವನಿಗೆ ಹಳೆಯ ಅಡ್ಡಹೆಸರೊಂದಿತ್ತು: ಅಡ್ಡಗಾಲು. ಹಿಂದೊಮ್ಮೆ ಕಂಡಕಂಡ ಕಟ್ಟಡಗಳಿಗೆಲ್ಲ ಅಡ್ಡಗಾಲು ಹಾಕಿ ನಿಲ್ಲಿಸುತ್ತಿದ್ದನಂತೆ. ಈಗ ಹೆಸರು ಮಾತ್ರ ಉಳಿದಿತ್ತು.

ಡ್ರೈವರ್ ಮನೆಯ ಫೈಲು ಬೇಕೆಂದಳು ಇನ್ಸ್‌ಪೆಕ್ಟರ್. ಅವನು ಎದ್ದು ದಾಖಲೆ ಕೋಣೆಗೆ ಕರೆದೊಯ್ದ. ಫೈಲು ತೆಗೆದುಕೊಟ್ಟ. ಅದರಲ್ಲಿ ಮೇಸ್ತ್ರಿಯ ಫೋಟೊ, ಕೆಳಗೆ ದುಂಡಗಿನ ಅಕ್ಷರ: 'ದಿನಾಂಕ ಹದಿನಾಲ್ಕರಂದು ಬೆಳಿಗ್ಗೆ ಹನ್ನೊಂದೂವರೆಗೆ ಸ್ಥಳದಲ್ಲಿದ್ದು ಕಂಬಿಗಳ ಅಂತರ, ಎತ್ತರ ಅಳತೆ ಮಾಡಿದೆ. ಸರಿಯಿದೆ.'

"ಒಂಬತ್ತು ಐವತ್ತಕ್ಕೇ ಕಾಂಕ್ರೀಟ್ ಮುಗಿದಿತ್ತು. ಹನ್ನೊಂದೂವರೆಗೆ ಯಾವ ಕಂಬಿ ಅಳೆದ್ರಿ?" ದಫೇದಾರ ಕೇಳಿದ.

ಅಧಿಕಾರಿ ಮತ್ತೆ ಕಪಾಟಿನ ಕಡೆ ತಿರುಗಿ ಒಂದೊಂದೇ ಫೈಲು ಇಳಿಸತೊಡಗಿದ. ಯಾರೂ ಕೇಳಿರಲಿಲ್ಲ. ಅಂಚು ಸರಿಹೊಂದಿಸಿ, ಧೂಳು ಒರೆಸಿ, ಮೇಜಿನ ಮೇಲೆ ಸಾಲಾಗಿ ಇಟ್ಟ. ಇಪ್ಪತ್ತಮೂರು.

"ಇವೂ ನೋಡಿಬಿಡಿ. ಹೋದ ಒಂದೂವರೆ ವರ್ಷದ್ದು. ಬಾಲ್ಕನಿ ಇರೋ ಮನೆಗಳು."

ಎಲ್ಲದರಲ್ಲೂ ಹನ್ನೊಂದೂವರೆ. ಮಳೆಗಾಲದಲ್ಲೂ ಹನ್ನೊಂದೂವರೆ, ಬೇಸಿಗೆಯಲ್ಲೂ ಹನ್ನೊಂದೂವರೆ. ಕಚೇರಿ ಜೀಪಿನ ಲಾಗ್ ಪುಸ್ತಕ ತರಿಸಿದರು. ಆ ಇಪ್ಪತ್ತಮೂರು ದಿನಗಳಲ್ಲಿ ಒಂದು ದಿನವೂ ಅವನು ಜೀಪು ಹತ್ತಿರಲಿಲ್ಲ.

ಹದಿನೇಳನೆಯ ಫೈಲಿನ ವಿಳಾಸ ಓದಲು ಇನ್ಸ್‌ಪೆಕ್ಟರ್‌ಗೆ ಕನ್ನಡಕ ಬೇಕಾಗಲಿಲ್ಲ. ಫೋಟೊ ತಾನೇ ತೆಗೆದದ್ದು. ಮೂಲೆಯಲ್ಲಿ ತನ್ನ ಶೂವಿನ ತುದಿ ಕಾಣುತ್ತಿತ್ತು. ಆವತ್ತು ಬಂದೋಬಸ್ತ್ ಕೆಲಸವಿತ್ತು, ರಜೆ ಸಿಕ್ಕಿರಲಿಲ್ಲ. ಫೋನಿನಲ್ಲಿ ಈ ಮನುಷ್ಯ, "ಫೋಟೊ ಕಳಿಸಿ ಮೇಡಂ, ಸಾಕು" ಎಂದಿದ್ದ. ಸಂಜೆಯೊಳಗೆ ಪ್ರಮಾಣಪತ್ರ ಕೈಗೆ ಬಂದಿತ್ತು. ಮರುದಿನ ಠಾಣೆಯಲ್ಲಿ ಎಲ್ಲರೆದುರು ಹೊಗಳಿದ್ದಳು. ಲಂಚ ಇಲ್ಲ, ಅಲೆದಾಟ ಇಲ್ಲ, ನೂರಕ್ಕೊಬ್ಬರು ಇಂಥವರು ಸಿಗೋದು ಎಂದು.

ಗೋಡೆಯ ಗಡಿಯಾರದಲ್ಲಿ ಮೂರು ಐವತ್ತು. ಆಕೆ ಫೋನು ತೆಗೆದಳು. ಆರು ಸಲ ರಿಂಗಾಯಿತು.

"ಏನೇ, ಈ ಹೊತ್ತಲ್ಲಿ? ಕಳ್ಳರೆಲ್ಲ ಮುಗಿದುಹೋದ್ರಾ?"

"ಅಮ್ಮ, ಎಲ್ಲಿದ್ದೀಯ?"

"ಎಲ್ಲಿರ್ತೀನಿ, ನನ್ನ ಸಿಂಹಾಸನದಲ್ಲಿ."

"ಎದ್ದು ಒಳಗೆ ಬಾ."

"ಈಗ ತಾನೇ ಕೂತಿದ್ದೀನಿ. ನನ್ನ ಮಂಡಿ ಏನು ನಿನ್ನ ಕಾನ್‌ಸ್ಟೇಬಲ್ಲಾ, ಹೇಳಿದ ತಕ್ಷಣ ಏಳೋಕೆ?"

"ಅಮ್ಮ. ಕುರ್ಚಿ ಅಲ್ಲೇ ಬಿಡು. ಬಾಗಿಲ ಚೌಕಟ್ಟು ಹಿಡ್ಕೊಂಡು, ಮೆಲ್ಲಗೆ ಒಳಗೆ ಬಾ."

ಕುರ್ಚಿ ಕಿರುಗುಟ್ಟಿದ ಸದ್ದು. ಉಸಿರು. ಒಂದು ಹೆಜ್ಜೆ. ಇನ್ನೊಂದು. ಬಾಗಿಲ ಚಿಲಕ ಬಿದ್ದದ್ದು ಕೇಳಿಸಿತು.

"ಬಂದೆ. ಈಗಲಾದ್ರೂ ಹೇಳ್ತೀಯಾ?"

"ಮನೆಗೆ ಬಂದು ಹೇಳ್ತೀನಿ. ಬಾಗಿಲು ತೆಗೀಬೇಡ."

ನಾಲ್ಕು ಗಂಟೆಯಿಂದ ಆರೂವರೆವರೆಗೆ ಕಾನ್‌ಸ್ಟೇಬಲ್‌ಗಳು ಇಪ್ಪತ್ತಮೂರು ಮನೆಗಳಿಗೆ ಹೋದರು. ಬಾಲ್ಕನಿ ಬಾಗಿಲುಗಳಿಗೆ ಬೀಗ ಹಾಕಿಸಿದರು. ಒಬ್ಬ ಮನೆಯೊಡತಿ ಜಗಳಕ್ಕೇ ಬಂದಳಂತೆ, ಆ ಸಾಹೇಬರು ದೇವರಂಥವರು, ಅವರ ಮೇಲೆ ಕೇಸೇ ಎಂದು. ಅಷ್ಟರಲ್ಲಿ ಕೋರ್ಟಿನ ವಾರಂಟ್ ಹಿಡಿದು ಅಧಿಕಾರಿಯ ಮನೆಯನ್ನೂ ಶೋಧಿಸಿದ್ದಾಗಿತ್ತು. ಎರಡು ಕೋಣೆ, ಒಂದು ಹಾಸಿಗೆ, ಬಾಡಿಗೆ ಚೀಟಿ. ಬೇರೇನೂ ಇಲ್ಲ.

"ತಿಂದಿದ್ರೆ ಅರ್ಥ ಆಗ್ತಿತ್ತು," ದಫೇದಾರ ಗೊಣಗಿದ. "ಒಂದು ಲೋಟ ಟೀ ಕೂಡ ಯಾರ ಹತ್ರಾನೂ ಕುಡಿದಿಲ್ವಂತೆ. ಇಂಥವನನ್ನ ಏನಂತ ಬೈಯೋದು?"

ಆರು ನಲವತ್ತಕ್ಕೆ, ಅದೇ ದಾಖಲೆ ಕೋಣೆಯಲ್ಲಿ, ಬಂಧನ.

"ಯಾಕೆ ಹೋಗಲಿಲ್ಲ?" ಇನ್ಸ್‌ಪೆಕ್ಟರ್ ಕೇಳಿದಳು.

ಅವನು ಸುಳ್ಳು ಹುಡುಕುತ್ತಿರಲಿಲ್ಲ. ನೆನಪು ಮಾಡಿಕೊಳ್ಳುತ್ತಿದ್ದ.

"ಮುಂಚೆ ಹೋಗ್ತಿದ್ದೆ. ಎರಡು ವರ್ಷದ ಹಿಂದೆ ಒಂದು ಮನೆ. ಕಂಬಿ ಎಲ್ಲ ತಳದಲ್ಲಿತ್ತು. ಕೆಲಸ ನಿಲ್ಲಿಸಿ ನೋಟಿಸ್ ಬರೆದೆ. ಹನ್ನೊಂದೂವರೆ ಆಗಿತ್ತು. ಬಿಸಿಲಲ್ಲಿ ನಡೆದು ಇಲ್ಲಿಗೆ ಬರೋಷ್ಟರಲ್ಲಿ ಮೇಲಿನವರು ಆ ನೋಟಿಸ್ ರದ್ದು ಮಾಡಿದ್ರು. ಕಾಂಕ್ರೀಟ್ ಬಿತ್ತು. ಮನೆ ನಿಂತೇ ಇದೆ. ದಿನಾ ಎಲ್ಲರೂ ಕೇಳೋರು, ಏನ್ ಅಡ್ಡಗಾಲು, ನಿನ್ನ ಮನೆ ಇವತ್ತಾದ್ರೂ ಬಿತ್ತಾ ಅಂತ. ಆರು ತಿಂಗಳು ಕೇಳಿದ್ರು. ಆಮೇಲೆ ನಾನು ನೋಡಿದ್ರೂ ಒಂದೇ, ನೋಡದಿದ್ರೂ ಒಂದೇ ಅನ್ನಿಸ್ತು."

"ಹನ್ನೊಂದೂವರೆ?"

"ಬೇರೆ ಹೊತ್ತು ಬರೆಯೋಕೆ ಕೈ ಬರಲಿಲ್ಲ."

"ನಿಮಗೆ ಭಯ ಆಗಲಿಲ್ವಾ?"

"ಮೊದಲನೇ ಸಲ ಆಯ್ತು. ಯಾರಾದ್ರೂ ಕೇಳ್ತಾರೆ ಅಂತ ಕಾದೆ. ಬರದೇ ಹೇಗೆ ಸಹಿ ಹಾಕಿದ್ರಿ ಅಂತ. ಯಾರೂ ಕೇಳಲಿಲ್ಲ ಮೇಡಂ." ಅವನು ಹದಿನೇಳನೆಯ ಫೈಲಿನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು ಎಂದು ಆಕೆಗೆ ಅನ್ನಿಸಿತು.

ಎಂಜಿನಿಯರುಗಳು ಆ ವಾರವೇ ಯಂತ್ರ ತಂದು ಮನೆಗಳನ್ನು ಪರೀಕ್ಷಿಸಿದರು. ಇಪ್ಪತ್ತಮೂರರಲ್ಲಿ ಒಂಬತ್ತು ಬಾಲ್ಕನಿಗಳ ಕಂಬಿ ಕೆಳಗಿಳಿದಿತ್ತು. ಇನ್ಸ್‌ಪೆಕ್ಟರ್ ಮನೆಯದೂ ಆ ಒಂಬತ್ತರಲ್ಲಿ ಸೇರಿತ್ತು. ನೋಟಿಸ್ ರದ್ದುಮಾಡಿದ ಮೇಲಿನವರ ಮೇಲೆ ಬೇರೆ ವರದಿ ಹೋಯಿತು. ಅದು ಎಲ್ಲಿಗೆ ತಲುಪಿತೋ ಗೊತ್ತಿಲ್ಲ.

ಆದರೆ ಅದಕ್ಕೂ ಮೊದಲು, ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಇನ್ಸ್‌ಪೆಕ್ಟರ್ ತನಿಖೆಯನ್ನು ಪಕ್ಕದ ಠಾಣೆಗೆ ವಹಿಸುವಂತೆ ಪತ್ರ ಬರೆದು ಕಳಿಸಿದಳು. ಆಮೇಲೆ ತನ್ನ ಕುರ್ಚಿ ಬಿಟ್ಟು, ಮೇಜಿನ ಈ ಕಡೆ, ನಿನ್ನೆ ಡ್ರೈವರ್ ಕೂರದೆ ಬಿಟ್ಟ ಕುರ್ಚಿಯಲ್ಲಿ ಕುಳಿತಳು. ಹದಿನೇಳನೆಯ ಮನೆಯ ಮಾಲೀಕರ ಹೇಳಿಕೆ ಬಾಕಿಯಿತ್ತು.

"ಇದೆಲ್ಲ ಬೇಕಾ ಮೇಡಂ?" ದಫೇದಾರ ಪೆನ್ನು ಹಿಡಿದು ಕೂತಿದ್ದ. "ಇಪ್ಪತ್ತೆರಡು ಸಾಕಾಗಲ್ವಾ?"

"ಬರ್ಕೊಳ್ಳಿ."

ಅವನು ಗಂಟಲು ಸರಿಮಾಡಿಕೊಂಡ. "ತಪಾಸಣಾಧಿಕಾರಿ ನಿಮ್ಮ ಮನೆಗೆ ಬಂದಿದ್ರಾ?"

"ಇಲ್ಲ."

"ಬಂದಿಲ್ಲ ಅಂತ ಆವತ್ತೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಪ್ರಮಾಣಪತ್ರದಲ್ಲಿ ಬಂದಿದ್ದೆ ಅಂತ ಬರೆದಿರೋದನ್ನ ಓದಿದ್ರಾ?"

"ಓದಿದ್ದೆ."

ದಫೇದಾರ ತಲೆ ಎತ್ತಲಿಲ್ಲ. "ಓದಿ ಏನ್ ಮಾಡಿದ್ರಿ?"

"ಫೋನ್ ಮಾಡಿದೆ," ಎಂದಳು ಆಕೆ. "ತುಂಬ ಉಪಕಾರ ಆಯ್ತು ಸರ್ ಅಂದೆ."

ಅವನು ಅದನ್ನೂ ಬರೆದುಕೊಂಡು, ಹಾಳೆ ತಿರುಗಿಸಿ ಆಕೆಯ ಮುಂದಿಟ್ಟ. ಆಕೆ ಓದಿ ಸಹಿ ಹಾಕಿದಳು, ಕೆಳಗೆ ಸಮಯ ಬರೆದಳು: ಹತ್ತು ಗಂಟೆ ಇಪ್ಪತ್ತು ನಿಮಿಷ.